ಹಸನ್‌ಸಾಬರು ಹೊಡೆದ ವಿಮಾನ

ನನ್ನ ಅಕ್ಷರ ಸೊಟ್ಟ, ನನಗೆ ಬರುವ ಮಾತೂ ಕಡಿಮೆ, ಓದುವವರು ಕ್ಷಮಿಸಬೇಕು. ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಸಂತೆಕಲ್ಲೂರಿನ ನಮ್ಮ ಜೋಳದ ಹೊಲ ಕಾಯುತ್ತೇನೆ. ಪಕ್ಕದ ಹೊಲ ಹಸನ್‌ಸಾಬರದು. ಅವರ ವಿಷಯದಲ್ಲಿ ನೋಡಿದ್ದನ್ನು ನೋಡಿದೆ ಎಂದೂ, ಕೇಳಿದ್ದನ್ನು ಕೇಳಿದೆ ಎಂದೂ ಬರೆಯುತ್ತೇನೆ.

ಮೊದಲು ನೋಡಿದ್ದು. ತೆನೆ ಹಾಲುಗಟ್ಟಿದಾಗ ನಾವಿಬ್ಬರೂ ಹಕ್ಕಿ ಕಾಯಲು ಹೊಲದಲ್ಲಿ ಕಟ್ಟಿದ ನಮ್ಮ ನಮ್ಮ ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತೇವೆ. ಎಪ್ಪತ್ತೈದು ದಾಟಿದರೂ ಅವರ ಗುರಿ ತಪ್ಪುವುದು ಅಪರೂಪ. "ಅಂಬಿಕಾ, ಹಕ್ಕಿ ಇದ್ದಲ್ಲಿ ಒಗೀಬ್ಯಾಡವ್ವ, ಅದು ಹೋಗೋ ಕಡಿಗೆ ಒಗಿ" ಎನ್ನುತ್ತಾರೆ. ನಮ್ಮಲ್ಲೊಂದು ಪದ್ಧತಿ. ಹಕ್ಕಿ ಬಿದ್ದರೆ ಕಲ್ಲು ಬೀಸಿದವರು ತಮ್ಮದೆನ್ನಬಾರದು. ಪಕ್ಕದ ಅಟ್ಟದವರು ಹೇಳಬೇಕು. ಅವರು ನನ್ನತ್ತ ತಿರುಗಿ, "ಯಾರ್ದಬೇ?" ಎಂದು ಕೂಗುತ್ತಾರೆ. "ನಿಮ್ದರೀ ತಾತ!" ಎಂದ ಮೇಲೆಯೇ ನಗುತ್ತಾರೆ.

ಇನ್ನು ಕೇಳಿದ್ದು. ಎಪ್ಪತ್ತೊಂದರ ಯುದ್ಧದಲ್ಲಿ ಅವರು ವಿಮಾನ ಹೊಡೆಯುವ ತೋಪಿನ ಮೇಲಿದ್ದರು. ಪಕ್ಕದ ತೋಪಿನ ಮೇಲೆ ತುರ್ವಿಹಾಳದ ಪಂಪಾಪತಿ. ಒಂದು ಸಂಜೆ ಶತ್ರುವಿಮಾನ ತಗ್ಗಿನಲ್ಲಿ ಹಾರಿಬಂತು. ಎರಡೂ ತೋಪು ಸಿಡಿದವು. ವಿಮಾನ ಹೊಗೆ ಬಿಡುತ್ತ ದಿಬ್ಬದಾಚೆ ಬಿತ್ತು. ಕಣ್ಣಿಗೆ ಹೊಗೆ, ಕಿವಿಗೆ ಸದ್ದು. ಸುಟ್ಟ ತಗಡಿನ ಮೇಲೆ ಹೊಡೆದವರ ಹೆಸರು ಇರುವುದಿಲ್ಲ. ಅಧಿಕಾರಿ ವಿಚಾರಿಸಲು ಬಂದಾಗ ಹಸನ್‌ಸಾಬರು ಹೊಲದ ಪದ್ಧತಿಯನ್ನೇ ನಂಬಿ, ಪಂಪಾಪತಿಯನ್ನು ಕೇಳಿರೆಂದರಂತೆ. ಪಂಪಾಪತಿ ಅಧಿಕಾರಿಗೆ ಹೇಳಿ ಬಂದು ಇವರ ಹೆಗಲು ತಟ್ಟಿ, "ನಿನ್ದಂತ ಹೇಳೀನಿ ಲೇ" ಎಂದರಂತೆ. ಇವರು ಮತ್ತೆ ಯಾರನ್ನೂ ಕೇಳಲಿಲ್ಲ.

ಈ ಜನವರಿಯಲ್ಲಿ ಸಿಂಧನೂರಿನಲ್ಲಿ ಮಾಜಿ ಸೈನಿಕರಿಗೆ ಸನ್ಮಾನವಿತ್ತು. ಪಂಪಾಪತಿಯವರೇ ಫೋನ್ ಮಾಡಿ ಕರೆದಿದ್ದರು. ಗೆಳೆಯನಿಗೆಂದು ಹಸನ್‌ಸಾಬರು ಜೋಳದ ಎಳೆ ತೆನೆ ಸುಟ್ಟು ಸೀತನಿ ಮಾಡಿ, ಬಿಸಿಯಿದ್ದಾಗಲೇ ಬಟ್ಟೆಯಲ್ಲಿ ಕಟ್ಟಿಕೊಂಡು, ಮಸ್ಕಿ ದಾರಿಯ ಬಸ್ಸು ಹತ್ತಿದರು. ತೋಪಿನ ಸದ್ದಿಗೆ ಅವರ ಕಿವಿ ಮಂದವಾಗಿದೆ. ಭಾಷಣ ಕೇಳಿ ಹೇಳಲು ನನ್ನನ್ನೂ ಕರೆದೊಯ್ದರು.

ವೇದಿಕೆಯ ಮೇಲೆ ಪಂಪಾಪತಿಯವರು ಮೈಕು ಹಿಡಿದು, "ಆ ವಿಮಾನ ಹೊಡದಾಂವ ನಾನು. ಅವತ್ತ ಸಾಹೇಬ್ರ ಮುಂದನೂ ಹಂಗ ಹೇಳಿದ್ದೆ" ಎಂದರು. ಜನ ಚಪ್ಪಾಳೆ ತಟ್ಟಿದರು. ಹಸನ್‌ಸಾಬರೂ ತಟ್ಟಿದರು. ತಟ್ಟುತ್ತಲೇ, "ಏನಂದನವ್ವ?" ಎಂದರು.

ಕೇಳಿದ್ದನ್ನು ಕೇಳಿದ ಹಾಗೆಯೇ ಅವರ ಕಿವಿಯಲ್ಲಿ ಹೇಳಿದೆ. ಅವರ ಕೈಗಳು ನಿಂತವು.

ಕಾರ್ಯಕ್ರಮ ಮುಗಿದ ಮೇಲೆ ಅವರು ಗೆಳೆಯನ ಎದುರು ನಿಂತು, "ನಿನ್ದಂತ ಹೇಳೀನಿ ಅಂದಿದ್ದಿಲ್ಲೇನಲೇ?" ಎಂದರು.

ಪಂಪಾಪತಿಯವರು ಶಾಲು ಸರಿಮಾಡಿಕೊಂಡು ನಕ್ಕರು. ಕಿವಿಯ ಹತ್ತಿರ ಬಾಗಿ ಜೋರಾಗಿ, "ಎರಡೂ ಒಮ್ಮಿಗೇ ಹಾರಿದ್ವು. ಯಾರ್ದು ಬಡೀತಂತ ಯಾರಿಗ್ಗೊತ್ತು? ನೀ ನಂದು ಅನ್ಲಿಲ್ಲ, ನಾ ನಂದಂತ ಹೇಳ್ಕೊಂಡೆ. ಹಳೇ ಮಾತು, ಬಿಡಪಾ" ಎಂದರು.

"ವಿಮಾನ ನೀನಽ ಇಟ್ಕೋ. ಐವತ್ತು ವರ್ಸ ನನ್ನ ಮುಂದ ಯಾಕ ಸುಳ್ಳು ಹೇಳ್ದಿ?"

ಅಷ್ಟರಲ್ಲಿ ಯಾರೋ ಪಂಪಾಪತಿಯವರನ್ನು ಫೋಟೋಕ್ಕೆ ಕರೆದರು. ಅವರು ಹೋದರು. ಸೀತನಿಯ ಗಂಟು ತಣ್ಣಗಾಗಿ ನಮ್ಮ ಜೊತೆಗೇ ಊರಿಗೆ ಬಂತು.

ಮರುದಿನ ಹೊಲದಲ್ಲಿ ಅವರ ಕಲ್ಲಿಗೆ ಹಕ್ಕಿ ಬಿತ್ತು. ಅವರು ನನ್ನತ್ತ ತಿರುಗಲಿಲ್ಲ. "ನಿಮ್ದರೀ ತಾತ!" ಎಂದು ನಾನೇ ಕೂಗಿದೆ.

"ನೀ ಹೇಳಬ್ಯಾಡ. ಇನ್ನ ನನ್ನ ಹಕ್ಕಿ ನಾನಽ ಎಣಿಸ್ಕೊಂತೀನಿ."

ನಾನು ಒಂದು ದಿನವೂ ಸುಳ್ಳು ಕೂಗಿದವಳಲ್ಲ. ನಾಳೆಯೂ ಅಟ್ಟ ಹತ್ತುತ್ತೇನೆ. ಹಕ್ಕಿ ಬಿದ್ದದ್ದು ನನ್ನ ಕಣ್ಣಿಗೆ ಕಂಡರೆ, ಅವರು ಕೇಳದಿದ್ದರೂ, ಯಾರದೆಂದು ಕೂಗಿ ಹೇಳುತ್ತೇನೆ.