ಗ್ವಾಡಿ ಹಿಂದಿನ ಚರಗ

ನಮ್ಮ ಮೊಮ್ಮಗಳು ಹೊಲ ತಗೊಂಡಾಳ. ನೆಲೋಗಿ ದಾರಿಗಿ ಕರಿ ಮಣ್ಣಿನ ಹೊಲ, ಆಕಿದೇ ಹೆಸರಿಗಿ. ಇವತ್ತು ಎಳ್ಳಮಾಸಿ ಹಬ್ಬ, ಆ ಹೊಲದಾಗ ಮೊದಲನೇ ಚರಗ, ಅಂದರ ಭೂಮಿತಾಯಿ ತುತ್ತು, ಆಕೀನೇ ಚೆಲ್ಲಿ ಬಂದಳು. ಈ ಸುದ್ದಿ ಎಲ್ಲಕ್ಕಿಂತ ಮೊದಲು ಹೇಳಿಬಿಡತೇನಿ, ಯಾಕಂದರ ನನ್ನ ಹೊಟ್ಟ್ಯಾಗ ನಿಂದ್ರವಲ್ಲದು. ಮುಂಜಾನಿಂದ ಹೇಳಿದವರಿಗೇ ಹೇಳಾಕತ್ತೇನಿ, ಓಣ್ಯಾಗ ಕೇಳದವರು ಯಾರೂ ಉಳದಿಲ್ಲ. ಹೆಣ್ಣಮಕ್ಕಳು ಚರಗ ಚೆಲ್ಲಬಾರದು ಅಂತ ಒಬ್ಬಿಬ್ಬರು ಅಂದರು. ನಮ್ಮ ಕಡಿ ಗಂಡಸರು ಚೆಲ್ಲೋದು ರೂಢಿ, ಖರೆ. ಅಂದವರಿಗಿ ನಾ ಅಂದೆ, "ಭೂಮಿತಾಯಿ ಹೆಣ್ಣೇ ಹೌದಲ್ರಿ, ಹೆಣ್ಣು ಉಣಿಸಿದರ ಆಕಿಗಿ ಹೊಟ್ಟಿ ಕಡಿತದೇನು?" ಅವರು ಒಪ್ಪದಿದ್ದರೂ ನಾ ಕೇಳತಿರಲಿಲ್ಲ.

ಮೊಮ್ಮಗಳು ಜೇವರ್ಗಿಂದ ಅಫಜಲಪುರಕ್ಕ ಹೋಗೋ ಬಸ್ಸಿನಾಗ ಕಂಡಕ್ಟರ್. ಆಕಿ ಜೋಡಿ ಕೆಲಸ ಮಾಡೋ ಮಂದೀನೆಲ್ಲ ಹೊಲಕ್ಕ ಕರದಿದ್ದಳು. ಅದಕ್ಕ ನಸುಕಿನ್ಯಾಗೇ ದೊಡ್ಡ ಗಡಿಗಿ ಭಜ್ಜಿ ಇಟ್ಟಿದ್ದೆವು. ಎಳೇ ತೊಗರಿಕಾಳು, ಅವರಿಕಾಳು, ಮೆಂತ್ಯಾ, ಹಸಿ ಬಳ್ಳೊಳ್ಳಿ, ಸೀಮ್ಯಾಗ ಏನೇನು ಹಸರು ಸಿಗತದೋ ಎಲ್ಲ ಕೂಡಿಸಿ, ಹುಣಸಿಹುಳಿ ಕಡ್ಲಿಹಿಟ್ಟು ಹಾಕಿ ಕುದಿಸೋದು ಭಜ್ಜಿ. ಸೊಸಿ ಮುಚ್ಚಳ ತಗದಳು ನೋಡ್ರಿ, ಆ ವಾಸನಿ ಬಂದು ಮಾರಿಗಿ ಬಡೀತು... ನಾನು ಅಲ್ಲೇ ಒಲಿ ಮುಂದ ಕುಂತುಬಿಟ್ಟೆ. ಸೊಸಿ ಹೆದರಿ ನೀರು ತಂದಳು. ನೀರು ಬ್ಯಾಡಾಗಿತ್ತು ನನಗ. ನಾನು ಆಳಂದದ ಹತ್ತಿ ಗಿರಣಿ ಗ್ವಾಡಿ ಹಿಂದ ಹೋಗಿದ್ದೆ, ನಮ್ಮ ಖಾಲಾನ ಹತ್ತಿರ.

ಆಕಿ ನನಗ ಸಂಬಂಧ ಏನೂ ಅಲ್ಲ. ಗಿರಣ್ಯಾಗ ಹೆಣ್ಣಮಕ್ಕಳ ಸಾಲಿಗಿ ಹಿರೇಕಿ ಆಕಿ, ಮುಸಲರ ಮನ್ಯಾಕಿ, ಅದಕ್ಕ ಎಲ್ಲರೂ ಖಾಲಾ ಅಂತಿದ್ದೆವು, ಅಂದರ ಚಿಗವ್ವ. ದೊಡ್ಡ ಲಢಾಯಿ ನಡದ ಕಾಲ ಅದು, ನಿಜಾಮರ ರಾಜ್ಯ. ನಾನು ಆಗಷ್ಟೇ ಲಗ್ನಾಗಿ ಆಳಂದಕ್ಕ ಬಂದಿದ್ದೆ. ಗಿರಣಿ ಭೋಂಗಾ ಕೂಗಿದ ಕೂಡಲೇ ಒಳಗ ಹೋಗಿ, ನೆಲದ ಮ್ಯಾಲ ಸಾಲಾಗಿ ಕುಂತು, ಹತ್ತ್ಯಾಗಿನ ಕಸ, ಒಣಗಿದ ಎಲಿ, ಹುಳಾ ತಿಂದ ತೊಳಿ ಆರಿಸೋದು ನಮ್ಮ ಕೆಲಸ. ಮೂಗಿನಾಗ ಅರಳಿ, ಕೂದಲದಾಗ ಅರಳಿ. ಮೊದಲನೇ ದಿನ ನಾನು ಸೀನಿ ಸೀನಿ ಅಳಾಕತ್ತಾಗ ಖಾಲಾ ತನ್ನ ಸೆರಗಿನ ತುದಿ ಹರದು ನನ್ನ ಮೂಗಿಗಿ ಕಟ್ಟಿದಳು. "ಅಳಬ್ಯಾಡ ಪೋರಿ, ಕಣ್ಣೀರಿಗಿ ಅರಳಿ ಇನ್ನೂ ಅಂಟತದ" ಅಂದಳು. ಎತ್ತರದ ಆಳು, ಗಂಡಸಿನಂಗ ದನಿ. ನಕ್ಕರ ಮಷೀನಿನ ಸಪ್ಪಳದಾಗೂ ಕೇಳತಿತ್ತು.

ಆಕಿ ಅಪ್ಪಗ ಅಫಜಲಪುರದ ಕಡಿ ಭೀಮಾ ಹೊಳಿ ದಂಡಿಗಿ ಹೊಲ ಇತ್ತಂತ. ಅಪ್ಪ ಎಳ್ಳಮಾಸಿಗಿ ಚರಗ ಚೆಲ್ಲತಿದ್ದನಂತ, ಈಕಿ ಹಿಂದಿಂದ ತಂಬಿಗಿ ನೀರು ಹಾಕತಿದ್ದಳಂತ. ಹೊಲ ಹೋಯ್ತು, ಅಪ್ಪ ಹೋದ. ಅದೆಲ್ಲ ಆಕಿ ಹೆಚ್ಚಿಗಿ ಹೇಳತಿರಲಿಲ್ಲ. "ಹೊಲ ಹೋದದ್ದು ಸೈ, ಹಬ್ಬ ಯಾಕ ಹೋಗಬೇಕು?" ಅಂತ ಮಾತ್ರ ಅಂತಿದ್ದಳು.

ಹಬ್ಬ ಹೋದದ್ದು ಹ್ಯಾಂಗ ಅಂತ ಹೇಳತೇನಿ. ನಮ್ಮ ಕಡಿ ಎಳ್ಳಮಾಸಿ ದಿನ ಹಗಲೂಟ ಮನ್ಯಾಗ ಯಾರೂ ಉಣ್ಣಂಗಿಲ್ಲ. ಬುತ್ತಿ ಹೊತ್ತು ಹೊಲಕ್ಕ ಹೋಗಿ, ಐದು ಕಲ್ಲಿಗಿ ಸುಣ್ಣಾ ಹಚ್ಚಿ ಪಾಂಡವರು ಅಂತ ಪೂಜಿ ಮಾಡಿ, ಮಾಡಿದ ಅಡಗಿ ಮೊದಲು ಬೆಳಿಗಿ ಚೆಲ್ಲಿ ಭೂಮಿಗಿ ಉಣಿಸೋದು. ಅದೇ ಚರಗ. ಆಮ್ಯಾಲ ಬಂಧು ಬಳಗ, ಗೆಳೆಯರು, ಹಾದ್ಯಾಗ ಹೋಗೋರನ್ನೂ ಕರದು ಕುಂತು ಉಣ್ಣೋದು. ಹೊಲ ಇಲ್ಲದವರು ಇದ್ದವರ ಹೊಲಕ್ಕ ಹೋಗತಾರ. ನಮ್ಮ ಗಿರಣಿ ಸಾವ್ಕಾರಗೂ ಊರ ಹೊರಗ ದೊಡ್ಡ ಹೊಲ ಇತ್ತು. ಹಬ್ಬಕ್ಕ ಗಿರಣಿ ಬಂದ್, ಆದರ ನಮಗ ಸೂಟಿ ಇಲ್ಲ. ಅವರ ಗಡಿಗಿ ಹೊರೋದು, ನೀರು ತರೋದು, ಅವರ ಬೀಗರಿಗಿ ಎಲಿ ಹಾಸೋದು, ಉಂಡ ಎಲಿ ಎತ್ತೋದು ನಾವು. ಅವರೆಲ್ಲ ಉಂಡು, ಅಡ್ಡಾಡಿ, ಎಲಿ ಅಡಿಕಿ ಹಾಕ್ಕೊಂಡ ಮ್ಯಾಲ ನಾವು ಬುಟ್ಟಿ ಹಿಡಕೊಂಡು ಬದುವಿನ ಮ್ಯಾಲ ಸಾಲಾಗಿ ನಿಂದರಬೇಕು. ನಮ್ಮ ಕಡಿಂದ ಕೆಲಸ ಮಾಡಸೋ ಮುಕಾದಮ ಉಳದದ್ದು ತಂದು ಬುಟ್ಟ್ಯಾಗ ಹಾಕತಿದ್ದ. ಕುಂತು ಉಣ್ಣೋ ಮಾತೇ ಇಲ್ಲ. ಗಿರಣಿ ಹೆಣ್ಣಮಕ್ಕಳ ಹುಡುಗರಿಗಿ ಎಳ್ಳಮಾಸಿ ಅಂದರ ಬುಟ್ಟಿ ಅಂತನೇ ಗೊತ್ತಿತ್ತು.

ಆ ವರ್ಷ ಹಬ್ಬ ಹತ್ತಿರ ಬಂದಾಗ ಖಾಲಾ ಹತ್ತಿ ಆರಿಸತಾ ಆರಿಸತಾನೇ ಅಂದಳು, "ಈ ಸಲ ನಾ ಬದುವಿನ ಮ್ಯಾಲ ನಿಂದ್ರಂಗಿಲ್ಲ. ನೀವು?"

ಒಬ್ಬಾಕಿ ಮೆಲ್ಲಕ, "ನಿಂದ್ರದಿದ್ದರ ಎಲ್ಲಿ ಹೋಗೋದು ಬೇ ಖಾಲಾ, ನಮಗೇನು ಹೊಲ ಅದಾ?" ಅಂದಳು.

"ಅದ. ಗ್ವಾಡಿ ಹಿಂದ."

ಗಿರಣಿ ಗ್ವಾಡಿ ಹಿಂದ ಬಂಡಿ ದಾರಿ. ದಾರಿಗೂ ಗ್ವಾಡಿಗೂ ನಡು ಒಂದು ಪಟ್ಟಿ ಬೀಳು ನೆಲ. ನಾವು ಕಸದ ಬುಟ್ಟಿ ಅಲ್ಲೇ ಚೆಲ್ಲತಿದ್ದೆವು. ಕಸದಾಗ ಸೇರಿ ಬಿದ್ದ ಹತ್ತಿಕಾಳು ಮಳಿಗಾಲದಾಗ ತಾನೇ ಎದ್ದು ಗಿಡ ಆಗಿದ್ದವು. ನಡು ನಡು ಎತ್ತಿನ ಮೇವಿನಾಗಿಂದ ಬಿದ್ದ ಜೋಳ, ಎಲ್ಲಿಂದಲೋ ಬಂದ ನಾಕು ತೊಗರಿ. ಯಾರೂ ಬಿತ್ತಿಲ್ಲ, ಯಾರೂ ಕಳೆ ತಗದಿಲ್ಲ. ನಾವು ದಿನಾ ನೋಡತಿದ್ದೆವು, ಆದರ ಅದು ಹೊಲ ಅಂತ ನಮ್ಮ ತಲಿಗಿ ಹೊಳದಿರಲಿಲ್ಲ. ಆಕಿಗಿ ಹೊಳೀತು.

ಮುಂದಿನ ತಂಟೆ ಗಡಗೀದು. ಸಾಲಿನಾಗ ಎಲ್ಲ ಜಾತ್ಯಾವರೂ ಕೂಡಿ ಕುಂದರತಿದ್ದೆವು, ನೀರಿನ ತಂಬಿಗಿ ಮಾತ್ರ ಬ್ಯಾರೆ ಬ್ಯಾರೆ. ಖಾಲಾ ಅಡಗಿ ಮಾಡಿದರ ಕೆಲವರು ಉಣ್ಣಂಗಿಲ್ಲ. ನಮ್ಮ ಕೇರಿಯವರು, ಹೊಲಗೇರ್ಯಾವರು, ಮಾಡಿದರಂತೂ ಹತ್ತಿರ ಬರಂಗಿಲ್ಲ. ಖಾಲಾ ಎಲ್ಲರ ಮಾತು ಕೇಳಿದಳು. ಆಮ್ಯಾಲ ಕುಂಬಾರನ ಹತ್ತಿರ ಹೊಸಾ ಗಡಿಗಿ ತಂದಳು. "ಒಬ್ಬೊಬ್ಬಾಕಿ ಒಂದೊಂದು ಮುಟಗಿ ತರ್ರಿ. ನಿಮ್ಮ ಕೈಲೇ ಹಾಕ್ರಿ, ನಿಮ್ಮ ಕೈಲೇ ತಿರುವ್ರಿ. ಬೆಂದ ಮ್ಯಾಲ ಯಾವ ಕಾಳು ಯಾರದು ಅಂತ ಗುರ್ತ ಹಚ್ಚಿದಾಕಿ ಬ್ಯಾರೆ ಕುಂತು ಉಣ್ಣಲಿ" ಅಂದಳು.

ಮನಿಗಿ ಬಂದು ನಮ್ಮ ಅತ್ತಿಗಿ ಹೇಳಿದೆ. ಅತ್ತಿ ಸಿಟ್ಟಿಗೆದ್ದಳು. "ಸಾವ್ಕಾರನ ಹೋಳಗಿ ಬಿಟ್ಟು ತಿಪ್ಪ್ಯಾಗ ಹಬ್ಬ ಮಾಡಾಕ ಹೊಂಟೀರಿ. ನಾಳಿಗಿ ಕೆಲಸ ಹೋದರ ನಿಮ್ಮ ಖಾಲಾ ಉಣಸತಾಳೇನು?" ಅದೇ ಭಯ ನನಗೂ ಇತ್ತು. ಸಾವ್ಕಾರನ ಹೊಲಕ್ಕ ಹೋಗದಿದ್ದರ ಹಾಜರಿ ಪಟ್ಟ್ಯಾಗಿಂದ ಹೆಸರು ಹೊಡೀತಾರ ಅಂತ ಮುಕಾದಮ ಮೊದಲೇ ಹೇಳಿದ್ದ. ಹಬ್ಬದ ಮುಂಜಾನಿ ನಾ ಹೊಂಡೋವಾಗ ಅತ್ತಿ ಮಾರಿ ನೋಡಲಿಲ್ಲ. ಆದರ ನನ್ನ ಬುಟ್ಟ್ಯಾಗ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕಟ್ಟಿಟ್ಟಿದ್ದಳು.

ಎಲ್ಲರೂ ಬಂದರು. ಹೆದರಿಕೋತ, ಗಂಡಂದಿರಿಗಿ ಸುಳ್ಳು ಹೇಳಿ, ಮಕ್ಕಳನ್ನ ಕಂಕುಳದಾಗ ಹೊತ್ತು ಬಂದರು. ಒಬ್ಬಾಕಿ ತೊಗರಿ, ಒಬ್ಬಾಕಿ ಮೆಂತ್ಯಾ, ಒಬ್ಬಾಕಿ ಗಜ್ಜರಿ. ಮ್ಯಾಲಿನ ಓಣಿ ಒಬ್ಬಾಕಿ ಉಪ್ಪು ಮಾತ್ರ ಹಾಕಿ, ನಾ ಉಪಾಸ ಇದ್ದೇನಿ ಅಂತ ದೂರ ಕುಂತಳು. ಭಜ್ಜಿ ಕುದ್ದು ವಾಸನಿ ಬಿಟ್ಟ ಮ್ಯಾಲ ಎರಡು ಸಲ ಹಾಕಿಸಿಕೊಂಡಾಕಿ ಆಕೀನೇ. ಐದು ಕಲ್ಲು ನಾವು ಇಟ್ಟೆವು, ಜೋಳದ ಕಣಕಿ ತಂದು ಸಣ್ಣ ಗೂಡು ಕಟ್ಟಿದೆವು. ನೆಲ ಸಾರಿಸಿದಾಕಿ ಖಾಲಾ.

ಚರಗ ಚೆಲ್ಲಾಕ ಗಂಡಸರು ಯಾರೂ ಇರಲಿಲ್ಲ. ಖಾಲಾ ಭಜ್ಜಿ, ಮುರದ ರೊಟ್ಟಿ, ಕಡಬು ಕಲಸಿದ ಬುಟ್ಟಿ ಎತ್ತಿಕೊಂಡು, "ಪೋರಿ, ತಂಬಿಗಿ ಹಿಡಿ. ನನ್ನ ಹಿಂದ ಬಾ" ಅಂದಳು. ಹಿಂಗ ಹೋಗಿ ಹಂಗ ಬಂದರ ಮುಗದು ಹೋಗೋ ನೆಲ ಅದು. ಆದರ ಆಕಿ ನಡದದ್ದು ನೋಡಬೇಕಿತ್ತು... ಹತ್ತು ಕೂರಗಿ ಹೊಲದ ಒಡತಿ ನಡದಂಗ, ಒಂದೊಂದು ಗಿಡದ ಮುಂದ ನಿಂತು, ಒಂದೊಂದಕ್ಕೂ ತುತ್ತು ಹಾಕಿದಳು. ನಾನು ಹಿಂದಿಂದ ನೀರು ಹಾಕಿದೆ. ಅರ್ಧ ನೀರು ನನ್ನ ಕಾಲ ಮ್ಯಾಲೇ ಬಿತ್ತು.

ಉಣ್ಣಾಕ ಕುಂತೆವು. ಅಷ್ಟೊತ್ತಿಗಿ ಮುಕಾದಮ ಬಂದ. ಓಡಿ ಬಂದಿದ್ದ, ಬೆವತಿದ್ದ.

"ಏನ್ ನಡಸೀದಿ ಖಾಲಾ ಇದು? ಸಾವ್ಕಾರ್ರು ಹೊಲದಾಗ ಹಾದಿ ನೋಡಾಕತ್ತಾರ. ಎಲಿ ಎತ್ತೋರಿಲ್ಲ ಅಲ್ಲಿ."

"ನೋಡ್ಲಿ ಬಿಡು. ವರ್ಷಾ ನಾವು ಅವರ ಹಾದಿ ನೋಡಿಲ್ಲೇನು."

"ಇದು ಯಾರ ಜಾಗಾ ಗೊತ್ತದೇನು ನಿನಗ?"

"ಗ್ವಾಡಿ ಒಳಗಿಂದು ಅವರದು. ಇದು ನಮ್ಮ ಬುಟ್ಟ್ಯಾಗಿಂದ ಬಿದ್ದದ್ದು. ಉಂಡಿಲ್ಲಲ್ಲ ನೀನು? ಮಾರಿ ನೋಡಿದರ ತಿಳೀತದ."

ಖರೆನೇ ಅವ ಉಂಡಿರಲಿಲ್ಲ. ಬೀಗರು ಉಣ್ಣೋತನಕ ಮುಕಾದಮಗೂ ಅನ್ನ ಇರತಿರಲಿಲ್ಲ ಅಂತ ನಮಗ ಅವತ್ತೇ ತಿಳದದ್ದು. ಖಾಲಾ ರೊಟ್ಟಿ ಮ್ಯಾಲ ಭಜ್ಜಿ ಹಾಕಿ ಚಾಚಿದಳು. ಅವ ಅತ್ತಿತ್ತ ನೋಡಿದ, ಇಸಗೊಂಡ, ನಿಂತೇ ತಿಂದ. ಕುಂದ್ರು ಅಂದರ ಕುಂದ್ರಲಿಲ್ಲ. ಅವ ನಿಂತು ಉಂಡ, ನಾವು ಕುಂತು ಉಂಡೆವು. ಯಾರೋ ಕಿಸಕ್ ಅಂತ ನಕ್ಕರು, ಆಮ್ಯಾಲ ಎಲ್ಲರೂ ನಕ್ಕೆವು, ಅವನೂ ನಕ್ಕ. ಬಾಯಿ ಒರಸಿಕೊಂಡು ಹೋಗಿ ಸಾವ್ಕಾರಗ ಎಲ್ಲ ಹೇಳಿದ. ಅವನ ಕೆಲಸ ಅದು, ತಪ್ಪೇನು...

ಮರುದಿನ ಭೋಂಗಾ ಕೂಗಿತು. ಬಾಗಲದಾಗ ಮುಕಾದಮ ಕೈ ಅಡ್ಡ ಹಿಡದ. ಎಲ್ಲರೂ ಬರ್ರಿ, ಖಾಲಾ ಒಬ್ಬಾಕಿ ಬ್ಯಾಡ, ಸಾವ್ಕಾರರ ಹುಕುಂ ಅಂದ. ನೆಲ ನೋಡಿ ಹೇಳಿದ. ನಾವು ಯಾರೂ ಒಳಗ ಹೋಗಲಿಲ್ಲ. ಬಾಗಲದ ಮುಂದೇ ಕುಂತುಬಿಟ್ಟೆವು. ಖಜೂರಿ ಊರ ಕಡಿಂದ ಬಂದ ಹತ್ತಿ ಬಂಡಿ ಸಾಲುಗಟ್ಟಿ ನಿಂತವು, ಎತ್ತು ಮೆಲಕು ಹಾಕತಾ ನಮ್ಮನ್ನ ನೋಡತಿದ್ದವು. ಬಿಸಿಲು ನೆತ್ತಿಗಿ ಬಂದಾಗ ಸಾವ್ಕಾರನೇ ಟಾಂಗಾದಾಗ ಬಂದ. ಕೆಳಗ ಇಳೀಲಿಲ್ಲ. ಈಗ ಹೋಗದಿದ್ದರ ಸೀಸನ್ ಪೂರ್ತಿ ಎಲ್ಲರೂ ಹೊರಗ ಅಂದು ಟಾಂಗಾ ತಿರುಗಿಸಿದ.

ಖಾಲಾ ಎದ್ದಳು. ಸೀರಿ ಝಾಡಿಸಿದಳು. "ಏಳ್ರಿ, ಒಳಗ ಹೋಗ್ರಿ" ಅಂದಳು. ನಾವು ಒಲ್ಲೆ ಅಂದೆವು. ಆಗ ಆಕಿ ಅಂದದ್ದು ನನಗ ಇನ್ನೂ ಕೇಳತದ.

"ಹುಚ್ಚ್ಯಾರಾ, ನೀವೆಲ್ಲ ಹೊರಗ ಬಿದ್ದರ ಮುಂದಿನ ವರ್ಷ ಗ್ವಾಡಿ ಹಿಂದ ಚರಗ ಚೆಲ್ಲೋರು ಯಾರು? ಬದುವಿಗಿ ಹೊಸಾ ಮಂದಿ ಬರತಾರ, ಮತ್ತ ಬುಟ್ಟಿ ಹಿಡೀತಾರ. ನಾ ಒಬ್ಬಾಕಿ ಹೊರಗಿರತೇನಿ. ನೀವು ಒಳಗಿರ್ರಿ, ಆದರ ಬದುವಿಗಿ ಹೋಗಬ್ಯಾಡ್ರಿ."

ಹೋಗಂಗಿಲ್ಲ ಅಂತ ಒಬ್ಬೊಬ್ಬರೇ ಆಕಿ ಕೈ ಮುಟ್ಟಿ ಹೇಳಿ ಒಳಗ ಹೋದೆವು. ಮೊದಲು ಕೈ ಮುಟ್ಟಿದಾಕಿ, ಆ ಉಪ್ಪಿನಾಕಿ.

ಖಾಲಾ ಒಂದೆರಡು ವಾರ ಊರಾಗ ಇದ್ದಳು. ಬ್ಯಾರೆ ಯಾರೂ ಕೆಲಸ ಕೊಡಲಿಲ್ಲ, ಸಾವ್ಕಾರನ ಕೈ ದೊಡ್ಡದಿತ್ತು. ಸೋಲಾಪುರದಾಗ ದೊಡ್ಡ ಗಿರಣಿ ಅದಾವ, ಅಲ್ಲಿ ನನ್ನಂಥ ದನಿ ಬೇಕಾಗತದ ಅಂತ ನಕ್ಕೋತ ಖಜೂರಿ ಕಡಿ ಹೋಗೋ ಖಾಲಿ ಬಂಡಿ ಹತ್ತಿದಳು. ಆಮ್ಯಾಲ ಆಕಿ ಸುದ್ದಿ ಬರಲಿಲ್ಲ. ಸೋಲಾಪುರಕ್ಕ ಹೋದವರನ್ನೆಲ್ಲ ಕೇಳಿದೆ. ಅಷ್ಟು ದೊಡ್ಡ ಊರಾಗ ಒಬ್ಬ ಖಾಲಾನ ಯಾರು ಬಲ್ಲರು...

ಮುಂದಿನ ವರ್ಷ ಹಬ್ಬದ ಮುಂಚೆ ಸಾವ್ಕಾರ ಗ್ವಾಡಿ ಹಿಂದಿನ ಗಿಡ ಎಲ್ಲ ಕಡಿಸಿದ. ನಾವು ಬರೇ ನೆಲಕ್ಕೇ ಚರಗ ಚೆಲ್ಲಿದೆವು. ಬುಟ್ಟಿ ನಾ ಹಿಡದಿದ್ದೆ. ಬದುವಿಗಿ ಒಬ್ಬಾಕೀನೂ ಹೋಗಲಿಲ್ಲ. ಅದರ ಮುಂದಿನ ವರ್ಷನೂ ಇಲ್ಲ. ಮೂರನೇ ವರ್ಷಕ್ಕ ಸಾವ್ಕಾರ ಕರಿಯೋದೇ ಬಿಟ್ಟ, ನಮಗ ಸೂಟಿ ಅಂತ ಆಯ್ತು. ಗಿರಣಿ ಮುಚ್ಚೋತನಕ ನಾವು ಅಲ್ಲೇ ಹಬ್ಬ ಮಾಡಿದೆವು, ಒಂದೇ ಗಡಗ್ಯಾಗ. ನಿಜಾಮರು ಹೋದರು, ಸಾವ್ಕಾರ ಹೋದ, ನಾವು ಉಣ್ಣೋದು ಬಿಡಲಿಲ್ಲ.

ಆಳಂದ ಬಿಟ್ಟು ಈ ಜೇವರ್ಗಿಗಿ ಬಂದ ಮ್ಯಾಲೂ ನಮಗ ಹೊಲ ಇರಲಿಲ್ಲ. ಮಗ ಕೂಲಿ ಮಾಡಿದ, ಮೊಮ್ಮಗಳು ಓದಿದಳು, ಟಿಕೀಟು ಹರದಳು. ಈಗ ಹೊಲ ಆಯ್ತು. ಖಾಲಾ ಇದ್ದಿದ್ದರ ಆ ಹೊಲದ ನಡು ನಿಂತು ಎಷ್ಟು ಜೋರು ನಗತಿದ್ದಳೋ. ಎಲ್ಲಿ ಮಣ್ಣಾದಳೋ, ಯಾರು ಮಣ್ಣು ಹಾಕಿದರೋ. ಅದೊಂದು ನನಗ ತಿಳೀಲಿಲ್ಲ, ಇನ್ನು ತಿಳಿಯಂಗೂ ಇಲ್ಲ.

ಈಗ ಹೊತ್ತು ಮುಣಗ್ಯಾದ. ಹೊಲದಾಗ ಹಗಲೂಟ ಮುಗಿಸಿ, ರಾತ್ರಿ ಊಟಕ್ಕ ಎಲ್ಲರೂ ಮನಿಗಿ ಬಂದಾರ. ಡ್ರೈವರು, ಅವರ ಹೆಂಡ್ರು ಮಕ್ಕಳು, ಮೊಮ್ಮಗಳ ಗೆಳತ್ಯಾರು, ನಮ್ಮ ಬೀಗರು, ಪಡಸಾಲಿ ತುಂಬಿ ಅಂಗಳದಾಗೂ ಚಾಪಿ ಹಾಸೀವಿ. ಒಬ್ಬ ಡ್ರೈವರ್ ಹೋಳಗಿ ಬ್ಯಾಡ ಅಂತ ಎಲಿಗಿ ಕೈ ಅಡ್ಡ ಹಿಡದಾನ, ಮೊಮ್ಮಗಳು "ಹಿಂದಿನ ಬಸ್ಸಿನಾಗ ಕಳಸ್ತೀನಿ ನಿಮ್ಮನ್ನ, ಹಿಡೀರಿ ಸುಮ್ನ" ಅಂತ ಜಬರದಸ್ತಿ ಹಾಕಾಕತ್ತಾಳ. ಎಲ್ಲರಿಗೂ ಬಡಿಸಿ ತಾ ಗ್ವಾಡಿಗಿ ಒರಗಿ ನಿಂತು, ಕೈಯಾಗೇ ರೊಟ್ಟಿ ಹಿಡಕೊಂಡು ತಿನ್ನಾಕ ಹೊಂಟಿದ್ದಳು. ನಾ ಕೈ ಹಿಡದು ಜಗ್ಗಿದೆ.

"ಕುಂದ್ರು ಬೇ. ಎಲಿ ಹಾಕ್ಕೋ."

ಆಕಿ ನನ್ನ ಮಗ್ಗಲಿಗಿ ಕುಂತಳು. ಎಲ್ಲರೂ ಕೂಡೇ ಉಂಡೆವು.