ಜಪಾನಿನ ಕಾರು, ಕುರಿಗಾಹಿಯ ಕೂಗು

ರಸ್ತೆಗೆ ಅಡ್ಡ ಬಂದ ಹಿಂಡನ್ನು ಸರಿಸಲು ಕಾರಿನ ಕಿಟಕಿಯಿಂದಲೇ ಕುರಿಗಾಹಿಗಳ ಕೂಗು ಹಾಕಿದೆ. ಊರಿನವರನ್ನೆಲ್ಲ ಮಿಮಿಕ್ರಿ ಮಾಡಿ ಮೆರೆಯುವವನಲ್ಲವೇ ನಾನು! ಹಿಂಡು ಸರಿಯಲಿಲ್ಲ, ಬಂದು ಕಾರನ್ನೇ ಸುತ್ತುವರಿಯಿತು.

ಚಳ್ಳಕೆರೆಯಲ್ಲಿ ಬಸ್ ಹತ್ತಿದ ಅಕ್ಕನೊಂದಿಗೆ ಪಂಥ ಕಟ್ಟಿದ್ದೆ: ಅವಳಿಗಿಂತ ಮೊದಲು ರಾಂಪುರ ಮುಟ್ಟದಿದ್ದರೆ ಇನ್ನೆಂದೂ ಕಾರಿನ ಮಾತೆತ್ತುವುದಿಲ್ಲ. ಇದರ ತಾತ, ಅಂದರೆ ಹಳೇ ಮಾಡೆಲ್ಲು, ಜಪಾನಿನಲ್ಲಿ ರೇಸು ಗೆದ್ದಿತ್ತು, ಮೈ ಚಿಕ್ಕದು, ತೂಕ ಹಗುರ, ಸ್ಟೇರಿಂಗ್ ಮುಟ್ಟಿದರೆ ಸಾಕು ತಿರುಗುತ್ತದೆ ಎಂದು ವರ್ಷವಿಡೀ ಅವಳ ತಲೆ ತಿಂದಿದ್ದೆ. ನಾನು ಇದರ ಮೂರನೇ ಮಾಲೀಕ ಎಂಬುದನ್ನು ಮಾತ್ರ ನುಂಗಿಕೊಂಡಿದ್ದೆ.

ಕುರಿ ಕಾಯುವ ಅಜ್ಜ ಕೋಲೂರಿ ನಕ್ಕ. "ಲೇ ತಮ್ಮಾ, ಅದು ನೀರಿಗೆ ಕರಿಯೋ ಕೂಗು. ನೀರು ಕಾಣೋ ತನ್ಕ ನಿನ್ನ ಬಿಡಂಗಿಲ್ಲ ಅವು!"

"ಈಗೇನ್ ಮಾಡ್ಲಿ ಅಜ್ಜಾ?"

"ಇಳಿದು, ಆ ತೊಟ್ಟಿ ತನ್ಕ ಹಂಗೇ ಕೂಗ್ತಾ ನಡಿ."

ಕೂಗುತ್ತಾ ನಡೆದೆ. ಹಿಂಡೆಲ್ಲ ನನ್ನ ಹಿಂದೆ ಬಂತು. ಖಾಲಿಯಾದ ರಸ್ತೆಯಲ್ಲಿ ಬಸ್ಸು ಆರಾಮಾಗಿ ದಾಟಿ ಹೋಯಿತು. ಕಿಟಕಿಯಿಂದ ಅಕ್ಕ ಕೈ ಬೀಸಿದಳು.

ಈಗ ನಾನು ಜಪಾನ್ ಎಂದು ಬಾಯಿ ತೆರೆಯುವಷ್ಟರಲ್ಲೇ ಅಕ್ಕ "ಬ್ಯಾ" ಎನ್ನುತ್ತಾಳೆ. ಹೊಟ್ಟೆಕಿಚ್ಚಿನ ಸಂಗತಿಯೆಂದರೆ, ನನಗಿಂತ ಚೆನ್ನಾಗಿ ಮಾಡುತ್ತಾಳೆ.