ಮಂತ್ರಿಯ ಮಾತು ಕೇಳಿಸದ ಹಾಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಒಳ್ಳೆಯವರ ಪಾತ್ರ ನನಗೆ ಕೂಡಿಬರುವುದಿಲ್ಲ. ನಮ್ಮ ಹೊಸನಗರದಲ್ಲಿ ಹೆಂಗಸರದ್ದೇ ಒಂದು ತಾಳಮದ್ದಲೆ ಕೂಟ ಇದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ನಾವು ಸೆರಗು ಸರಿಮಾಡಿಕೊಂಡು ಕೂತಲ್ಲೇ ಆ ಪಾತ್ರವಾಗಿ ಮಾತಾಡುತ್ತೇವೆ. ಅದಕ್ಕೆ ಅರ್ಥ ಹೇಳುವುದು ಅನ್ನುತ್ತಾರೆ. ಮಾತನ್ನು ಯಾರೂ ಬರೆದುಕೊಡುವುದಿಲ್ಲ, ಅಲ್ಲೇ ಹುಟ್ಟಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದುಕೊಟ್ಟರೂ ಕನ್ನಡಕ ಹುಡುಕುವುದರೊಳಗೆ ಆಟ ಮುಗಿದಿರುತ್ತದೆ.

ನನ್ನನ್ನು ಒಮ್ಮೆ ಪತಿವ್ರತೆ ಮಾಡಿಸಿ ನೋಡಿದರು. ಗಂಡನ ಪಾತ್ರದವಳು ಎರಡು ಮಾತಾಡುವುದರೊಳಗೆ ನಾನು ನಾಲ್ಕು ತಿರುಗಿ ಕೊಟ್ಟೆ. ಅಂದಿನಿಂದ ನನಗೆ ಖಾಯಂ ಖಳ. ನನಗೂ ಅದೇ ಸುಖ. ಒಳ್ಳೆಯವನು ಸುಮ್ಮನೆ ಕೂತರೂ ಗೆಲ್ಲುತ್ತಾನೆ, ಕಥೆಯೇ ಅವನನ್ನು ಎತ್ತಿಕೊಂಡು ಹೋಗುತ್ತದೆ. ಖಳ ಪ್ರತಿ ಅಂಗುಲಕ್ಕೂ ಮಾತಿನಲ್ಲಿ ದುಡಿಯಬೇಕು. ಕೊನೆಗೆ ಸಾಯುವುದು ಇದ್ದದ್ದೇ. ಆದರೆ ಸಾಯುವ ಮುಂಚೆ ಸಭೆ ಒಮ್ಮೆಯಾದರೂ 'ಇವನು ಹೇಳೋದೂ ಸರಿ ಅಲ್ದಾ' ಅನ್ನಬೇಕು. ಅನ್ನಿಸದಿದ್ದರೆ ಆ ದಿನ ನನಗೆ ಊಟ ರುಚಿಸುವುದಿಲ್ಲ.

ಈ ಚಟ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಹೇಳಲು ಸಾರಾ ಸಿಸ್ಟರ್ ವಿಷಯ ಹೇಳಬೇಕು. ವಾರಾಹಿ ಯೋಜನೆಯ ಕೆಲಸ ನಡೆಯುವಾಗ ಅವರ ಗಂಡ ಮಾಸ್ತಿಕಟ್ಟೆಗೆ ಎಲೆಕ್ಟ್ರಿಷಿಯನ್ ಆಗಿ ಬಂದವರು, ಇವರು ನರ್ಸ್. ಕೊಂಕಣದ ಕಡಲ ಬದಿಯವರು, ಮನೆಯಲ್ಲಿ ಮರಾಠಿ. ಕೆಲಸ ಮುಗಿದ ಮೇಲೂ ಊರಿಗೆ ಹೋಗದೆ ಹೊಸನಗರದಲ್ಲೇ ಮನೆ ಮಾಡಿದರು. ಈ ಸುತ್ತಿನಲ್ಲಿ ಅವರ ಕೈಯಿಂದ ಸೂಜಿ ಚುಚ್ಚಿಸಿಕೊಳ್ಳದವರು ಕಡಿಮೆ.

ಅವರು ಯಾವ ಜನ ಅನ್ನುವುದು ನಮಗೆ ಬಹಳ ಕಾಲ ಗೊತ್ತಿರಲಿಲ್ಲ. ಹೆಸರು ಕೇಳಿ ಕ್ರಿಶ್ಚಿಯನ್ನರು ಅಂದುಕೊಂಡೆವು. ಚರ್ಚಿಗೆ ಹೋಗುವುದು ಕಾಣಲಿಲ್ಲ. ಶನಿವಾರ ಒಲೆ ಹಚ್ಚುವುದಿಲ್ಲ ಎಂದು ತಿಳಿದ ಮೇಲೆ ಶನಿಕಾಟಕ್ಕೆ ವ್ರತ ಹಿಡಿದಿದ್ದಾರೆ ಅಂದುಕೊಂಡೆವು. ನಾನಂತೂ ಒಂದು ಶನಿವಾರ ಎಳ್ಳೆಣ್ಣೆ ಹಿಡಿದು ಅವರ ಮನೆಗೇ ಹೋಗಿ, "ಎಷ್ಟು ವರ್ಷದ್ದು ಕಾಟ ಸಿಸ್ಟರೇ, ಏಳೂವರೆನಾ?" ಎಂದು ಕೇಳಿದ್ದೇನೆ. ಅವರು ನಕ್ಕು ಕೂರಿಸಿ ಹೇಳಿದರು. ಅವರು ಯೆಹೂದಿಗಳು. ಅವರ ಹಿರಿಯರು ಗಾಣದ ಕಸುಬಿನವರಾಗಿದ್ದು, ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲವಂತೆ. ಊರವರು ಅವರನ್ನು ಶನಿವಾರದ ಎಣ್ಣೆಯವರು ಎಂದೇ ಕರೆಯುತ್ತಿದ್ದರಂತೆ. ಎಣ್ಣೆಯವರ ಮನೆಗೆ ಎಣ್ಣೆ ಕೊಂಡುಹೋದ ಹಾಗಾಯಿತು ನಾನು. ಎಣ್ಣೆ ವಾಪಸು ಕೊಡಲಿಲ್ಲ, ಇಟ್ಟುಕೊಂಡರು. ಗೆಳೆತನ ಅಲ್ಲಿಂದ.

ನಮ್ಮ ಹೋಳಿ ಹುಣ್ಣಿಮೆಯ ಆಸುಪಾಸಿಗೆ ಅವರಿಗೊಂದು ಹಬ್ಬ ಬರುತ್ತದೆ. ಹೋಳಿಗೆ ಮಾಡಿ ಕಳಿಸುತ್ತಿದ್ದರು, ನಾವು ತಿನ್ನುತ್ತಿದ್ದೆವು, ಯಾಕೆಂದು ಕೇಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಒಂದು ವರ್ಷ ಆ ದಿನ ಅವರ ಮನೆಗೆ ಹೋದಾಗ ಒಳಗಿಂದ ಡಬ್ಬ ಬಡಿಯುವ ಸದ್ದು. ಸಿಸ್ಟರ್ ಒಬ್ಬರೇ ಕೂತು ಪುಸ್ತಕ ಓದುತ್ತಿದ್ದಾರೆ. ಸ್ವಲ್ಪ ಓದುವುದು, ಪುಸ್ತಕ ಕೆಳಗಿಡುವುದು, ಬಿಸ್ಕತ್ತಿನ ಡಬ್ಬ ಎತ್ತಿ ಬಡಿಯುವುದು, ಮತ್ತೆ ಪುಸ್ತಕ ತೆಗೆದು ಎಲ್ಲಿಗೆ ಬಂದಿದ್ದೆ ಎಂದು ಬೆರಳಿಟ್ಟು ಹುಡುಕುವುದು.

"ಎಂತ ಇದು ಸಿಸ್ಟರೇ?" ಅಂದೆ.

"ಡಬ್ಬ ಬಡಿಯೋ ಕೆಲ್ಸ ಅವರದ್ದಾಗಿತ್ತು. ಈಗ ಎರಡೂ ನಂದೇ" ಅಂದರು.

ಕಥೆ ಹೇಳಿದರು. ಒಂದು ದೊಡ್ಡ ರಾಜ್ಯ. ಅಲ್ಲಿನ ರಾಣಿ ಯೆಹೂದಿ ಹುಡುಗಿ, ಆದರೆ ಯಾರಿಗೂ ಹೇಳಿಕೊಂಡಿಲ್ಲ. ಅವಳನ್ನು ಸಾಕಿದ ಅಣ್ಣ ಮಂತ್ರಿಗೆ ತಲೆಬಾಗುವುದಿಲ್ಲ. ಮಂತ್ರಿಗೆ ಸಿಟ್ಟು. ಒಬ್ಬನ ಮೇಲಿನ ಸಿಟ್ಟಿಗೆ ಯೆಹೂದಿ ಜನರನ್ನೆಲ್ಲ, ಹೆಂಗಸರು ಮಕ್ಕಳು ಸಮೇತ, ಒಂದೇ ದಿನದಲ್ಲಿ ಕೊಲ್ಲಲು ರಾಜನಿಂದ ಅಪ್ಪಣೆ ಪಡೆಯುತ್ತಾನೆ. ರಾಣಿ ಜೀವದ ಆಸೆ ಬಿಟ್ಟು ರಾಜನ ಮುಂದೆ ಬಾಯಿಬಿಡುತ್ತಾಳೆ, ಮಂತ್ರಿ ತಾನೇ ನೆಡಿಸಿದ ಗಲ್ಲುಗಂಬ ಏರುತ್ತಾನೆ. ಇದನ್ನು ಓದುವಾಗ ಮಂತ್ರಿಯ ಹೆಸರು ಬಂದಾಗಲೆಲ್ಲ ಕೇಳುವವರು ಗದ್ದಲ ಎಬ್ಬಿಸಬೇಕು. ಕಿವಿಗೆ ಆ ಹೆಸರು ಬೀಳಬಾರದು. ಕೆಲವರು ಚಪ್ಪಲಿಯ ಅಡಿಗೆ ಹೆಸರು ಬರೆದುಕೊಂಡು ನೆಲಕ್ಕೆ ತುಳಿಯುತ್ತಾರಂತೆ. ವೇಷ ಹಾಕುತ್ತಾರೆ, ನಗುತ್ತಾರೆ, ಅವತ್ತು ನಗುವುದು ಕರ್ತವ್ಯ. ಇಷ್ಟೆಲ್ಲ ಆಗಿ, ಆ ಪುಸ್ತಕದಲ್ಲಿ ದೇವರ ಹೆಸರು ಒಂದು ಕಡೆಯೂ ಇಲ್ಲವಂತೆ.

"ದೇವರ ಪುಸ್ತಕದಲ್ಲಿ ದೇವರೇ ಇಲ್ವಾ?" ಅಂದೆ.

"ಇದ್ದಾನೆ. ಅವನೂ ವೇಷ ಹಾಕ್ಕೊಂಡಿದ್ದಾನೆ."

ಈ ಮಾತು ನನಗೆ ಹಿಡಿಸಿತು. ನಮ್ಮಲ್ಲಿ ಪುರಾಣ ಓದಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಓದುವವರ ಮುಖ ತಿಥಿ ಮನೆಗೆ ಬಂದವರ ಹಾಗೆ, ಕೇಳುವವರು ಕಂಬಕ್ಕೆ ಒರಗಿ ಗೊರಕೆ. ಮಂಗಳಾರತಿಯ ಗಂಟೆಗೆ ಎಲ್ಲರಿಗೂ ಎಚ್ಚರ. ದೇವರ ಕಥೆಯಲ್ಲಿ ನಗಬಾರದು ಎಂದು ಯಾರು ಕಾನೂನು ಮಾಡಿದರೋ. ನಕ್ಕವನು ಕೇಳುತ್ತಿದ್ದಾನೆ ಎಂದಾಯಿತು. ನಿದ್ದೆ ಹೋದವನ ಭಕ್ತಿಯನ್ನು ನಾನು ನಂಬುವುದಿಲ್ಲ.

ಮುಂದಿನ ಹಬ್ಬಕ್ಕೆ ಸಿಸ್ಟರ್ ಅವರಾಗಿಯೇ ಕೇಳಿದರು. "ಶಬ್ದ ಮಾಡೋಕೆ ಒಂದು ಹತ್ತು ಜನ ಸಿಗ್ತಾರಾ ಚೌಡಕ್ಕ? ಕಣ್ಣು ಮಂಜಾಗ್ತಾ ಇದೆ. ಇನ್ನೆಷ್ಟು ವರ್ಷ ಓದ್ತೀನೋ. ಒಮ್ಮೆ ಸರಿಯಾಗಿ ಆಗಲಿ." ಅವರು ಯಾರ ಹತ್ತಿರವೂ ಏನೂ ಕೇಳಿದವರಲ್ಲ. ಹತ್ತು ಜನ ಯಾಕೆ, ಒಂದು ತಾಳಮದ್ದಲೆಯನ್ನೇ ಮಾಡೋಣ ಎಂದು ನಾನೇ ಮುಂದೆ ಬಿದ್ದೆ. ನಮ್ಮ ಭಾಗವತರು ಸುಮಿತ್ರ ಟೀಚರು, ನಿವೃತ್ತರು. ಅವರು ಪದ ಕಟ್ಟಿದರು. ಸಿಸ್ಟರ್ ಒಂದೊಂದು ತುಂಡು ಓದಿ ಕನ್ನಡದಲ್ಲಿ ಹೇಳುವುದು, ಟೀಚರು ಹಾಡುವುದು, ನಾವು ಅರ್ಥ ಹೇಳುವುದು. ರಾಣಿ ಅಂಗನವಾಡಿಯ ಲಲಿತ. ಮಂತ್ರಿ ಯಾರು ಎಂದು ಕೇಳಬೇಕಾಗಿಲ್ಲ.

ಭಾನುವಾರ ಮಧ್ಯಾಹ್ನ ಸಮುದಾಯ ಭವನ ತುಂಬಿತು. ತಟ್ಟೆ, ಸೌಟು, ತೆಂಗಿನ ಚಿಪ್ಪು, ಖಾಲಿ ಡಬ್ಬ ತರಬೇಕೆಂದು ಮೊದಲೇ ಹೇಳಿದ್ದೆವು. ಸಿಸ್ಟರ್ ಹೊಸ ಸೀರೆ ಉಟ್ಟು, ಮಡಿಲಲ್ಲಿ ಡಬ್ಬ ಇಟ್ಟುಕೊಂಡು ಓದಲು ಕೂತರು. ಮಂತ್ರಿಯ ಹೆಸರು ಮೊದಲ ಸಲ ಬಂದಾಗ ಎದ್ದ ಗದ್ದಲಕ್ಕೆ ಹೊರಗೆ ನಾಯಿಗಳು ಓಡಿದವು. ಎರಡನೇ ಸಲ ಇನ್ನೂ ಜೋರು. ಸಿಸ್ಟರ್ ಕಣ್ಣೊರೆಸಿಕೊಂಡು ನಗುತ್ತಿದ್ದರು. ಅಲ್ಲಿಗೇ ಮುಗಿಸಿ ಕಾಫಿ ಕುಡಿದಿದ್ದರೆ ಎಲ್ಲ ಚೆನ್ನಾಗಿತ್ತು.

ಆಮೇಲೆ ನನ್ನ ಪದ ಬಂತು. ಮಂತ್ರಿ ರಾಜನ ಹತ್ತಿರ ಅಪ್ಪಣೆ ಕೇಳುವ ಸಂದರ್ಭ. ನಾನು ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದೆ.

"ಪ್ರಭು, ಬಾಗೋದು ನನಗಲ್ಲ, ನೀವು ಕೊಟ್ಟ ಕುರ್ಚಿಗೆ. ಗಿಡ್ಡ ಬಾಗಿಲಿಗೆ ಬಾಗೋ ತಲೆ ದೊಡ್ಡ ಕುರ್ಚಿಗೆ ಬಾಗೋದಿಲ್ಲ ಅಂದ್ರೆ ಏನರ್ಥ? ಇವತ್ತು ನಮಸ್ಕಾರ ಬಿಟ್ಟ, ನಾಳೆ ಕಂದಾಯ ಬಿಡ್ತಾನೆ, ನಾಡಿದ್ದು ನಿಮ್ಮನ್ನೇ ಬಿಡ್ತಾನೆ."

ಚಪ್ಪಾಳೆ ಬಿತ್ತು. ಅಷ್ಟು ಸಾಕು ನನಗೆ. ಧ್ವನಿ ತಗ್ಗಿಸಿದೆ.

"ಅವರ ಊಟ ಬೇರೆ, ಹಬ್ಬ ಬೇರೆ, ವಾರದ ರಜೆ ಬೇರೆ. ನಮ್ಮ ನೀರು ಕುಡಿದು ನಮ್ಮ ಹಾಗೆ ಇರೋದಿಲ್ಲ. ನಾನು ದ್ವೇಷದಿಂದ ಹೇಳ್ತಿಲ್ಲ ಪ್ರಭು, ನಿಮ್ಮ ಮೇಲಿನ ಪ್ರೀತಿಯಿಂದ ಹೇಳ್ತಿದ್ದೀನಿ."

ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕಿ ಗಿರಣಿಯ ತಿಮ್ಮಪ್ಪ "ಹೌದಲ್ಲಾ" ಎಂದು ತಲೆದೂಗಿದ. ಅದೇ ಹೊತ್ತಿಗೆ ಟೀಚರು ಪದದಲ್ಲಿ ಮಂತ್ರಿಯ ಹೆಸರು ಎತ್ತಿದರು. ತಟ್ಟೆಗಳೆಲ್ಲ ಮಡಿಲಲ್ಲಿ ತಣ್ಣಗೆ ಕೂತಿದ್ದವು. ಒಂದೇ ಒಂದು ಡಬ್ಬ ಬಡಿಯಿತು, ಸಿಸ್ಟರದ್ದು. ಹಿಂದಿನಿಂದ ಯಾರೋ ಹೇಳಿದರು, "ಸ್ವಲ್ಪ ಸುಮ್ನಿರಿ ಸಿಸ್ಟರೇ, ಅರ್ಥ ಕೇಳ್ಲಿ."

ಸಿಸ್ಟರ್ ಡಬ್ಬ ಕೆಳಗಿಟ್ಟರು. ನಾನು ಅದನ್ನು ನೋಡಿದೆ. ನೋಡಿಯೂ ಇನ್ನೆರಡು ಮಾತು ಹೇಳಿಯೇ ಮುಗಿಸಿದೆ, ಯಾಕೆಂದರೆ ಒಳ್ಳೆಯ ಮಾತು ಬಾಯಿಗೆ ಬಂದಿತ್ತು. ಈ ಕೂಟದಲ್ಲಿ ಇಷ್ಟು ವರ್ಷ ನಾನು ಮಾಡಿದ್ದರಲ್ಲಿ ಕೆಟ್ಟದ್ದು ಇದೇ.

ಕಾಫಿಯ ಬಿಡುವಿನಲ್ಲಿ ಎಲ್ಲರೂ ನನ್ನ ಸುತ್ತ. ಸಿಸ್ಟರ್ ಒಳಕೋಣೆಯಲ್ಲಿ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಹೊರಟಿದ್ದರು.

"ನೀವು ಚೆನ್ನಾಗಿ ಹೇಳಿದ್ರಿ ಚೌಡಕ್ಕ" ಅಂದರು.

"ನಾನು ಬೇಕಂತ ಮಾಡಿದ್ದಲ್ಲ ಸಿಸ್ಟರೇ. ಖಳನ್ನ ಗಟ್ಟಿ ಮಾಡೋದು ನಮ್ಮಲ್ಲಿ ಪದ್ಧತಿ."

"ಗೊತ್ತು. ಅವನೂ ಚೆನ್ನಾಗೇ ಹೇಳಿದ್ದ. ಅದಕ್ಕೇ ರಾಜ ಅಪ್ಪಣೆಗೆ ಒತ್ತೋ ಮುದ್ರೆಯುಂಗುರನೇ ಬಿಚ್ಚಿ ಕೊಟ್ಟಿದ್ದು." ಗಂಟು ಹಾಕಿದರು. "ನಮ್ಮಪ್ಪ ನಮಗೆ ಯಾಕೆ ಅಷ್ಟು ಗಲಾಟೆ ಮಾಡಿಸ್ತಿದ್ದ ಅಂತ ಇವತ್ತು ಗೊತ್ತಾಯ್ತು. ತಿಮ್ಮಪ್ಪನ ಹೆಂಡ್ತಿಗೆ ಮೂರೂ ಹೆರಿಗೆ ನಾನೇ ಮಾಡಿಸಿದ್ದು, ಚೌಡಕ್ಕ."

ಕ್ಷಮಿಸಿ ಅನ್ನುವುದು ನನಗೆ ಅಭ್ಯಾಸವಿಲ್ಲ. ಅಂದರೂ ಅದು ಒಳಕೋಣೆಯಲ್ಲೇ ಉಳಿಯುತ್ತಿತ್ತು, ಸಭೆ ಮಂತ್ರಿಯ ಮಾತು ಹಿಡಿದುಕೊಂಡು ಮನೆಗೆ ಹೋಗುತ್ತಿತ್ತು. ನಾನು ಎರಡನೇ ಭಾಗದಲ್ಲಿ ಬಾಯಿಮುಚ್ಚಿ ಸೋತರೂ ಉಪಯೋಗವಿಲ್ಲ. ಬೇಕಂತ ಸೋತವಳ ಮಾತು ಸುಳ್ಳಾಗುವುದಿಲ್ಲ, ಕೇಳುವವರಿಗೆ ಅದು ತಿಳಿಯುತ್ತದೆ. ಎದುರಿಗೆ ಕೂತವರು ಸೋಲಿಸಬೇಕು. ಲಲಿತ ಪಾಪ, ನನ್ನ ಮುಖ ನೋಡಿದರೇ ಪದ ಮರೆಯುವವಳು.

"ರಾಣಿ ಅರ್ಥ ನೀವು ಹೇಳಿ" ಅಂದೆ.

"ನಾನು ಓದೋಳು. ಅದೆಲ್ಲ ನಂಗೆ ಬರಲ್ಲ."

"ಓದಿ ಎಂತ ಆಯ್ತು? ಅಷ್ಟೂ ಜನ ನನ್ನ ಕಡೆಗಿದ್ದಾರೆ. ಹೋಗೋದಾದ್ರೆ ಹೋಗಿ. ಆದ್ರೆ ಅವ್ರನ್ನ ನನ್ನ ಹತ್ರ ಬಿಟ್ಟು ಹೋಗ್ತಿದ್ದೀರಿ, ನೆನಪಿರ್ಲಿ."

ಸಿಸ್ಟರ್ ನನ್ನನ್ನು ಬಹಳ ಹೊತ್ತು ನೋಡಿದರು, ಜ್ವರ ಎಷ್ಟಿದೆ ಎಂದು ನೋಡುವ ಹಾಗೆ. ಪುಸ್ತಕದ ಗಂಟನ್ನು ಲಲಿತನ ಕೈಗೆ ಕೊಟ್ಟು ಬಂದು ನನ್ನ ಎದುರು ಕೂತರು.

ರಾಣಿ ರಾಜನನ್ನೂ ಮಂತ್ರಿಯನ್ನೂ ಕರೆದ ಔತಣದ ಪದ ಆಯಿತು. ರಾಣಿ ಮಾತು ತೆಗೆದರು. ಧ್ವನಿ ವಾರ್ಡಿನದ್ದೇ.

"ಮಂತ್ರಿಗಳೇ, ಕೊಲ್ಲೋ ಪಟ್ಟಿ ತಯಾರಾಯ್ತಾ? ಯಾರ್ಯಾರ ಹೆಸರಿದೆ?"

"ಹೆಸರು ಯಾಕೆ ರಾಣಿಯವರೇ, ಅಂಥ ಜನ ಅಂದ್ರೆ ಸಾಕು" ಅಂದೆ. ಸಭೆ ಸಣ್ಣಗೆ ನಕ್ಕಿತು, ನನ್ನ ಕಡೆಗೆ.

"ಹೆಸರಿಲ್ದೆ ನಾವು ಒಂದು ಮಾತ್ರೆನೂ ಕೊಡೋದಿಲ್ಲ, ನೀವು ಪ್ರಾಣ ತೆಗೀತೀರಾ? ಬರ್ಕೊಳ್ಳಿ. ಊಟ ಬೇರೆ, ಹಬ್ಬ ಬೇರೆ, ಶನಿವಾರ ಒಲೆ ಹಚ್ಚೋದಿಲ್ಲ. ಹೆಸರು ಸಾರಾ. ಕೆಲಸ, ಈ ಸಭೇಲಿರೋರಿಗೆಲ್ಲ ಸೂಜಿ ಚುಚ್ಚಿದ್ದು. ಮುಂದಿನ ಸಾಲಲ್ಲಿ ಯಾರೋ ಹೌದು ಅಂದ್ರಲ್ಲ, ಅವರಿಗೆ ಎಲ್ಲಿ ಚುಚ್ಚಿದ್ದೆ, ಎಷ್ಟು ಕೂಗಿದ್ರು ಅಂತ್ಲೂ ಬರೆಸ್ತೀನಿ."

ಭವನ ಹಾರಿಹೋಗುವ ಹಾಗೆ ನಗು. ತಿಮ್ಮಪ್ಪನೂ ನಕ್ಕ, ನಕ್ಕು ತಲೆ ತಗ್ಗಿಸಿದ. ಸಿಸ್ಟರ್ ನಗಲಿಲ್ಲ. ನಗು ಇಳಿಯುವವರೆಗೆ ಕಾದರು.

"ಈಗ ಶುರು ಮಾಡಿ ಮಂತ್ರಿಗಳೇ. ಪಟ್ಟಿಯ ಮೊದಲ ಹೆಸರು ನಿಮ್ಮ ಎದುರಿಗೇ ಕೂತಿದೆ."

ನಾನು ಬಾಯಿ ತೆರೆದೆ. ಖಳನಿಗೆ ಉತ್ತರ ಇರಲೇಬೇಕು, ಇತ್ತು. ಅಷ್ಟರಲ್ಲಿ ಟೀಚರು ಮಂತ್ರಿಯ ಹೆಸರು ಎತ್ತಿದರು. ಮೊದಲು ಬಡಿದದ್ದು ತಿಮ್ಮಪ್ಪನ ತಟ್ಟೆ. ಆಮೇಲೆ ಯಾರದ್ದು ಯಾವುದು ಎಂದು ಗೊತ್ತಾಗಲಿಲ್ಲ. ಸೌಟು, ಚಿಪ್ಪು, ಕಾಲು, ಕುರ್ಚಿ, ಎಲ್ಲ ಬಡಿದವು. ನಾನು ನಿಲ್ಲಿಸಲಿಲ್ಲ. ಕೈಯೆತ್ತಿ, ಕತ್ತಿನ ನರ ಉಬ್ಬಿಸಿ ಇಡೀ ಅರ್ಥ ಹೇಳಿದೆ. ನನ್ನ ಮಾತು ನನಗೇ ಕೇಳಿಸಲಿಲ್ಲ. ಎದುರಿಗೆ ಕೂತ ರಾಣಿ ಮಾತ್ರ ನನ್ನ ತುಟಿ ಆಡುವುದನ್ನೇ ನೋಡುತ್ತ, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು.

ಆವತ್ತು ನೀವು ಕೊನೆಗೆ ಎಂತ ಹೇಳಿದ್ರಿ ಎಂದು ಜನ ಈಗಲೂ ಕೇಳುತ್ತಾರೆ. ಬಹಳ ಒಳ್ಳೆಯ ಉತ್ತರ ಅದು, ಅಷ್ಟು ಗಟ್ಟಿ ಮಾತು ನನಗೆ ಮತ್ತೆ ಹುಟ್ಟಲಿಲ್ಲ. ಒಬ್ಬರಿಗೂ ಹೇಳಿಲ್ಲ.